ಏಳನೇ ಕೋಣೆ

ಬೆಲ್ಗಾಸಿಮನ ನಾದಿನಿ ಹೊಸ ಮತ್ಮಾತದಲ್ಲಿ ತನ್ನ ಮನೆಯ ಬಾಲ್ಕನಿಯಲ್ಲಿ ನಿಂತು ಒಂದು ಲೋಟ ಟೀ ಕುಡಿದಳು. ಅವಳು ಒಳಗೆ ಕೂತು ಕುಡಿದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅವಳು ನಿಂತೇ ಕುಡಿದಳು, ಅಕ್ಕ ಮೆಹ್ರಿಯಾಳ ಎದುರಿಗೇ ಕುಡಿದಳು, ಸಾಲದ್ದಕ್ಕೆ ಕೆಳಗೆ ಬೀದಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳನ್ನು ನೋಡಿ, “ಅಯ್ಯೋ, ಅವಳ ಚೀಲದಲ್ಲಿ ನೋಡೇ, ಬರೀ ಈರುಳ್ಳಿ” ಅಂದಳು.

ಅಂದಿನಿಂದ ಮೆಹ್ರಿಯಾಳಿಗೆ ನಿದ್ದೆಯಿಲ್ಲ. ಅವಳಿಗಿಲ್ಲ ಅಂದ ಮೇಲೆ ಬೆಲ್ಗಾಸಿಮನಿಗೂ ಇಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುವ ಮಾತು ಹಳೇ ಮತ್ಮಾತದ ಗುಡ್ಡದವರಿಗೆ ಅರ್ಧ ಮಾತ್ರ ಸಲ್ಲುತ್ತದೆ. ಮದುವೆಯನ್ನು ಅವರೂ ಮಾಡಿ ನೋಡುತ್ತಾರೆ. ಮನೆಯನ್ನು ಕಟ್ಟುವುದಿಲ್ಲ, ತೋಡುತ್ತಾರೆ. ನೆಲದಲ್ಲಿ ಆನೆ ಬೀಳುವಷ್ಟು ದೊಡ್ಡ ಹೊಂಡ, ಅದೇ ಅಂಗಳ. ಹೊಂಡದ ಗೋಡೆಯೊಳಗೆ ಸುತ್ತಲೂ ಕೋಣೆಗಳು. ಮಗನಿಗೆ ಮದುವೆ ಗೊತ್ತಾಯಿತೋ, ಗುದ್ದಲಿ ಎತ್ತಿಕೊಂಡು ಇನ್ನೊಂದು ಕೋಣೆ. ಬೇಸಿಗೆಯಲ್ಲಿ ತಂಪು, ಚಳಿಗೆ ಬೆಚ್ಚಗೆ. ಕೊರತೆ ಅಂದರೆ ಒಂದೇ. ಇಡೀ ಊರು ಮೇಲಿರುತ್ತದೆ, ನೀವು ಕೆಳಗಿರುತ್ತೀರಿ.

“ಹುಟ್ಟಿದಾಗಿಂದ ಎಲ್ಲರೂ ನನ್ನನ್ನ ಮೇಲಿಂದಾನೇ ನೋಡಿದಾರೆ ರೀ,” ಅಂದಳು ಮೆಹ್ರಿಯಾ. “ದಾರೀಲಿ ಹೋಗೋ ಮೇಕೆ ಕೂಡ ಬಗ್ಗಿ, ಇವತ್ತೇನು ಅಡುಗೆ ಅಂತ ನೋಡುತ್ತೆ. ಸಾಯೋದ್ರೊಳಗೆ ಒಂದು ಸಲ ನಾನೂ ಯಾರನ್ನಾದ್ರೂ ಮೇಲಿಂದ ನೋಡ್ಬೇಕು.”

“ಛಾವಣಿ ಹತ್ತಿ ನೋಡು.”

“ನಮ್ಮನೆಗೆ ಛಾವಣಿ ಎಲ್ಲಿದೆ? ಅದು ರಸ್ತೆ!”

ಬೆಲ್ಗಾಸಿಮ್ ಹೊಸ ಮತ್ಮಾತದ ಅಂಚೆ ಕಚೇರಿಯ ಗುಮಾಸ್ತ. ದಿನಾ ಬೆಳಿಗ್ಗೆ ಬಾಡಿಗೆ ವ್ಯಾನಿನಲ್ಲಿ ಕೋಳಿಯಂತೆ ತುಂಬಿಕೊಂಡು ಗುಡ್ಡ ಇಳಿಯಬೇಕು, ಸಂಜೆ ಹಾಗೇ ಹತ್ತಬೇಕು. ಅಂಚೆ ಕಚೇರಿಯ ಎದುರಿಗೇ ಒಂದು ಮನೆ ಮಾರಾಟಕ್ಕಿತ್ತು: ಎರಡನೇ ಮಹಡಿ, ಮೂರು ಕೋಣೆ, ಬಾಲ್ಕನಿ. ಅದು ಸಿಕ್ಕರೆ ಹೆಂಡತಿಯ ಬಾಯಿಗೂ ತನ್ನ ಮಂಡಿಗೂ ಒಟ್ಟಿಗೇ ವಿಶ್ರಾಂತಿ. ಆದರೆ ತನ್ನ ಹೊಂಡಕ್ಕೆ ಯಾರು ಅಷ್ಟು ದುಡ್ಡು ಕೊಡುತ್ತಾರೆ?

ಕೊಡುವವರು ಸಿಕ್ಕರು. ಟ್ಯೂನಿಸ್‌ನಲ್ಲಿದ್ದ ಸೋದರಮಾವನ ಮಗ ಫೋನು ಮಾಡಿ, ನಝೀಹಾ ಅನ್ನುವ ನಿವೃತ್ತ ಭೂಗೋಳದ ಮೇಡಂ ಒಬ್ಬರಿಗೆ ಹಳೇ ಮತ್ಮಾತದಲ್ಲೇ ಮನೆ ಬೇಕಂತೆ, ಶನಿವಾರ ಮಧ್ಯಾಹ್ನ ಬರುತ್ತಾರೆ ಅಂದ.

“ಯಾರಿಗೂ ಹೇಳ್ಬೇಡ,” ಎಂದು ಬೆಲ್ಗಾಸಿಮ್ ಹೆಂಡತಿಗೆ ಆಣೆ ಹಾಕಿಸಿದ. “ಅದರಲ್ಲೂ ಆ ಮಬ್ರೂಕನಿಗೆ!”

ಮಬ್ರೂಕ್ ಪಕ್ಕದ ಹೊಂಡದವನು. ತನ್ನ ಮನೆ ಮಾರಬೇಕೆಂದು ಎಷ್ಟೋ ವರ್ಷದಿಂದ ಕಾದು ಕೂತವನು. ದಾರಿ ತಪ್ಪಿ ಬಂದ ಪ್ರವಾಸಿಗೂ ಟೀ ಕುಡಿಸಿ, ಕೋಣೆ ತೋರಿಸಿ, ಬೆಲೆ ಹೇಳಿಯೇ ದಾರಿ ಹೇಳುವ ಪೈಕಿ.

ಶನಿವಾರ ಬೆಳಿಗ್ಗೆ ಬೆಲ್ಗಾಸಿಮ್ ಹಶ್ಮಿಯ ಕ್ಷೌರದಂಗಡಿಗೆ ಹೋದ. ಮುಖಕ್ಕೆ ನೊರೆ ಬಿದ್ದ ಮೇಲೆ ಮೆಲ್ಲಗೆ, “ನನ್ನ ಸ್ನೇಹಿತ ಒಬ್ಬ ಮನೆ ಮಾರ್ಬೇಕು ಅಂತಿದಾನೆ. ಏನು ಬೆಲೆ ಹೇಳ್ಬಹುದು?” ಅಂದ.

“ಸ್ನೇಹಿತಾನಾ?” ಹಶ್ಮಿ ಕನ್ನಡಿಯಲ್ಲಿ ಅವನನ್ನು ನೋಡಿ ಕಣ್ಣು ಕಿರಿದಾಗಿಸಿದ. “ನಿನ್ನ ಸ್ನೇಹಿತನ ಮನೇಲಿ ಎಷ್ಟು ಕೋಣೆ?”

“ಆರು.”

“ಟ್ಯೂನಿಸ್‌ನಲ್ಲಿ ನಮ್ಮ ಭಾವಮೈದ ಎರಡು ಕೋಣೆ ತಗೊಂಡ. ಬೆಲೆ ಕೇಳಿದ್ರೆ ಕತ್ತಿ ಬೇಡ, ಗಡ್ಡ ತಾನೇ ಉದುರುತ್ತೆ. ಅಡುಗೆಮನೇಲಿ ಗಂಡ ಉಸಿರು ಎಳ್ಕೊಂಡಾಗ ಹೆಂಡ್ತಿ ಬಿಡ್ಬೇಕು, ಅಷ್ಟು ಜಾಗ.”

ಸರದಿಗೆ ಕಾಯುತ್ತಿದ್ದವನೊಬ್ಬ ಬಾಯಿ ಹಾಕಿದ: “ಜೆರ್ಬಾ ದ್ವೀಪಕ್ಕೆ ಹೋಗಿ ನೋಡಪ್ಪ. ನಾಲ್ಕು ಗೋಡೆ, ಒಂದು ಗುಮ್ಮಟ, ಒಂದು ಮಳೆನೀರಿನ ತೊಟ್ಟಿ. ಮೇಲೆ ಒಂದು ಕೈ ಸುಣ್ಣ ಬಳಿದ್ರೆ ಬೆಲೆ ಎರಡರಷ್ಟು. ಬಾಗಿಲಿಗೆ ನೀಲಿ ಬಳಿದ್ರೆ ಮೂರರಷ್ಟು.”

“ಸ್ಫಾಕ್ಸ್‌ನವರದು ಇನ್ನೊಂದು ಥರ,” ಅಂದ ಮತ್ತೊಬ್ಬ. “ಕೆಳಗೆ ಅಂಗಡಿ, ಮೇಲೆ ಮನೆ. ಮನೆ ಮಾರಿದ್ರೂ ಅಂಗಡಿ ಮಾರಲ್ಲ. ಮಾರಿದ್ಮೇಲೆ ಅಂಗಡೀಲೇ ಮಲಗ್ತಾರೆ.”

ಹಶ್ಮಿ ಕತ್ತಿ ಎತ್ತಿ ತೀರ್ಪು ಕೊಟ್ಟ: “ಆರು ಅಂದ್ರೆ ಮನೆ, ಏಳು ಅಂದ್ರೆ ಅರಮನೆ. ಪಟ್ಟಣದವರು ಕೋಣೆ ಎಣಿಸಿ ದುಡ್ಡು ಕೊಡ್ತಾರೆ. ಬೇರೆ ಊರಲ್ಲಿ ಇನ್ನೊಂದು ಕೋಣೆ ಬೇಕು ಅಂದ್ರೆ ಇಟ್ಟಿಗೆ, ಸಿಮೆಂಟು, ಮೇಸ್ತ್ರಿಯ ಕಾಲು ಹಿಡಿಯೋದು. ನಮ್ಮೂರಲ್ಲಿ? ಒಂದು ಗುದ್ದಲಿ! ನಿನ್ನ ಸ್ನೇಹಿತನಿಗೆ ಹೇಳು.”

ಸ್ನೇಹಿತ ಅರ್ಧ ಗಡ್ಡದಲ್ಲೇ ಎದ್ದು ಮನೆಗೆ ಓಡಿದ.

ಮತ್ಮಾತದಲ್ಲಿ ಹೊಸ ಕೋಣೆ ತೋಡುವುದಕ್ಕೆ ಒಂದು ಪದ್ಧತಿಯಿದೆ. ಮೊದಲು ನೆರೆಯವನ ಮನೆಗೆ ಹೋಗಿ ಟೀ ಕುಡಿಯಬೇಕು. ಆಮೇಲೆ ನೆರೆಯವನು ತನ್ನ ಗೋಡೆಗೆ ಒನಕೆಯಿಂದ ಗುದ್ದುತ್ತಾನೆ. ತೋಡುವವನು ತನ್ನ ಗೋಡೆಗೆ ಕಿವಿಯಿಟ್ಟು, ಸದ್ದು ಎಲ್ಲಿ ಗಟ್ಟಿಯೋ ಆ ಕಡೆ ಬಿಟ್ಟು ಬೇರೆ ಕಡೆ ತೋಡುತ್ತಾನೆ. ಗೋಡೆ ಗುದ್ದಿಸದೆ ತೋಡಿ ಏನಾದರೂ ಅನಾಹುತವಾದರೆ, ಆ ಗೋಡೆಯ ಮೇಲೆ ನೆರೆಯವನು ಹೇಳಿದ್ದೇ ಕಾನೂನು. ಅಜ್ಜಂದಿರ ಕಾಲದಿಂದ ಬಂದ ನಿಯಮ.

“ಮಬ್ರೂಕಣ್ಣನ ಹತ್ರ ಗೋಡೆ ಗುದ್ದಿಸಿದ್ರಾ?” ಎಂದಳು ಮೆಹ್ರಿಯಾ, ಗಂಡ ಗುದ್ದಲಿ ಹಿಡಿದು ಮೇಲಿನ ಉಗ್ರಾಣಕ್ಕೆ ಹತ್ತುವುದನ್ನು ನೋಡಿ.

“ಗುದ್ದು ಅಂದ್ರೆ ಯಾಕೆ ಅಂತಾನೆ. ಯಾಕೆ ಅಂದ್ರೆ ಹೇಳ್ಬೇಕು. ಹೇಳಿದ್ರೆ ವ್ಯಾನ್ ನಿಲ್ಲೋ ಜಾಗದಿಂದಾನೇ ಆಯಮ್ಮನ್ನ ಎತ್ಕೊಂಡು ಹೋಗ್ತಾನೆ. ಸುಮ್ನಿರು.”

ಬಾರ್ಲಿ, ಆಲಿವ್ ತುಂಬಿಡುವ ಆ ಉಗ್ರಾಣ ಅಂಗಳದಿಂದ ಎರಡಾಳೆತ್ತರದಲ್ಲಿತ್ತು. ಅದರ ಹಿಂದಿನ ಗೋಡೆಗೆ ಬೆಲ್ಗಾಸಿಮ್ ಗುದ್ದಲಿ ಹಾಕಿದ. ಮಣ್ಣು ಹಲ್ವದಂತೆ ಬಂತು. ಅವನ ಉತ್ಸಾಹ ಏರಿತು. ಆದರೆ ತೆಗೆದ ಮಣ್ಣು ಅಂಗಳಕ್ಕೆ ಬೀಳಬೇಕಲ್ಲ, ಧೂಳು ಹೊಂಡದಿಂದ ಹೊಗೆಯಂತೆ ಮೇಲೆದ್ದಿತು. ಹೊಗೆ ಕಂಡ ಮೇಲೆ ಊರು ಸುಮ್ಮನಿರುತ್ತದೆಯೇ? ಹೊಂಡದ ಅಂಚಿನ ಸುತ್ತ ತಲೆಗಳು ಮೂಡಿದವು.

“ಬೆಲ್ಗಾಸಿಮಾ, ನಿಧಿ ಸಿಕ್ತಾ?”

“ಇನ್ನೂ ಸ್ವಲ್ಪ ಎಡಕ್ಕೆ ಹೊಡಿ!”

“ಏನು, ಮಗನಿಗೆ ಮದುವೇನಾ? ಅವನಿನ್ನೂ ಎರಡನೇ ಕ್ಲಾಸಲ್ವಾ?”

ತಲೆಗಳ ಸಾಲಿನಲ್ಲಿ ಮಬ್ರೂಕನ ತಲೆಯೂ ಇತ್ತು. “ಏನ್ ಮಾಡ್ತಿದೀಯೋ?”

ಬೆಲ್ಗಾಸಿಮ್ ಬಾಯಿಗೆ ಬಂದದ್ದು ಹೇಳಿದ: “ಇಲಿ! ಇಲಿ ಹಿಡೀತಿದೀನಿ.”

“ಗುದ್ದಲೀಲಾ?”

“ದೊಡ್ಡಿಲಿ.”

“ಛೆ, ಮೊದಲೇ ಹೇಳ್ಬಾರ್ದಾ? ನಮ್ಮ ಬೆಕ್ಕು ಕೊಡ್ತೀನಿ ತಾಳು,” ಎಂದು ಮಬ್ರೂಕ್ ಒಳ್ಳೆಯ ಮನಸ್ಸಿನಿಂದಲೇ ಮನೆಗೆ ಹೋದ.

ಅವನ ತಲೆ ಮರೆಯಾದ ಜಾಗದಲ್ಲೇ ಇನ್ನೊಂದು ತಲೆ ಬಂತು: ಕನ್ನಡಕ, ಹುಲ್ಲಿನ ಟೋಪಿ. “ಬೆಲ್ಗಾಸಿಮ್ ಅವರ ಮನೆ ಇದೇನಾ? ನಾನು ನಝೀಹಾ. ಸ್ವಲ್ಪ ಬೇಗ ಬಂದೆ.”

ಬೆಲ್ಗಾಸಿಮ್ ಉಗ್ರಾಣದಿಂದ ಇಳಿದು ಬಂದಾಗ ಹಿಟ್ಟಿನ ಗಿರಣಿಯಿಂದ ಬಂದವನಂತಿದ್ದ. ಮೆಹ್ರಿಯಾ ಬಾದಾಮಿ ಹಾಕಿದ ಟೀ ಕೊಟ್ಟಳು. ಮೇಡಂ ಕೋಣೆಯಿಂದ ಕೋಣೆಗೆ ನಡೆದರು.

“ಟ್ಯೂನಿಸ್‌ನಲ್ಲಿ ನನ್ನ ತಲೆ ಮೇಲಿನ ಮನೆಯವರು ದಿನಾ ಏನೋ ಕುಟ್ತಾರೆ. ಮೂವತ್ತು ವರ್ಷ ಏನು ಕುಟ್ತಾರೆ ಅಂತ ಗೊತ್ತಾಗ್ಲಿಲ್ಲ. ಇಲ್ಲಿ ತಲೆ ಮೇಲೆ ಯಾರೂ ಇಲ್ವಲ್ಲ?”

“ದೇವರಾಣೆ ಇಲ್ಲ,” ಅಂದ ಬೆಲ್ಗಾಸಿಮ್. ಆಗಲೇ ಮೇಲೆ ಒಂದು ಕತ್ತೆ ನಡೆದುಹೋಯಿತು. “ಕತ್ತೆ ಬಿಟ್ರೆ.”

“ಕತ್ತೆ ಪರವಾಗಿಲ್ಲ. ಆದ್ರೆ ಗಾಳಿ? ತಂಪಿದೆ ನಿಜ. ಕಿಟಕೀನೇ ಇಲ್ವಲ್ಲ. ನನಗೆ ಗಾಳಿ ಆಡ್ಬೇಕಪ್ಪ.”

ಅವರ ಮೋರೆಯಲ್ಲಿ ಬೆಲೆ ಇಳಿಯುವುದು ಬೆಲ್ಗಾಸಿಮನಿಗೆ ಕಣ್ಣಾರೆ ಕಂಡಿತು. “ಮೇಡಂ, ಏಳನೇ ಕೋಣೆ ನೋಡಿ!” ಎಂದು ಅವರನ್ನು ಉಗ್ರಾಣಕ್ಕೆ ಹತ್ತಿಸಿದ. ಏಳನೇ ಕೋಣೆ ಇನ್ನೂ ಒಂದು ಮಂಚದಷ್ಟೇ ಇತ್ತು. “ಚಿಕ್ಕದಾಯ್ತು ಅಂತೀರಾ? ಜೆರ್ಬಾದಲ್ಲಿ ಗೋಡೆ ಸರಿಸ್ತಾರಾ? ಟ್ಯೂನಿಸ್‌ನಲ್ಲಿ ಸರಿಸ್ತಾರಾ? ಇಲ್ಲಿ ನೋಡಿ, ಎಷ್ಟು ಬೇಕೋ ಅಷ್ಟು!” ಎಂದವನೇ ಗುದ್ದಲಿ ಎತ್ತಿ ಶಕ್ತಿಯೆಲ್ಲ ಹಾಕಿ ಒಂದೇಟು ಕೊಟ್ಟ.

ಗೋಡೆ ಹೋಯಿತು. ಗುದ್ದಲಿಯೂ ಹೋಯಿತು. ಬೆಲ್ಗಾಸಿಮನೂ ಹೋಗುತ್ತಿದ್ದ, ಮೇಡಂ ಅಂಗಿ ಹಿಡಿದುಕೊಂಡರು. ಕೋಣೆಗೆ ಬಿಸಿಲು ಸುರಿಯಿತು. ಕೆಳಗಿನಿಂದ ಪಾತ್ರೆ ಉರುಳಿದ ಸದ್ದು, ಅದರ ಹಿಂದೆಯೇ ಒಂದು ಕಿರುಚು.

ಅದು ಮಬ್ರೂಕನ ಅಂಗಳ. ಅಲ್ಲಿ ಅವನ ಅತ್ತೆ ಉಮ್ಮಿ ತುರ್ಕಿಯಾ ರವೆಯ ಕುಸ್‌ಕುಸ್ ಬೇಯಿಸುತ್ತಿದ್ದಳು. ಪಾತ್ರೆಯಲ್ಲಿ ಈಗ ಕುಸ್‌ಕುಸ್‌ಗಿಂತ ಮಣ್ಣೇ ಹೆಚ್ಚು. ಮುದುಕಿ ತಲೆಯೆತ್ತಿದಳು. ಗೋಡೆಯ ನಡುವೆ, ಆಕಾಶಕ್ಕೂ ಭೂಮಿಗೂ ಮಧ್ಯೆ, ಬೆಳ್ಳಗೆ ಧೂಳು ಮೆತ್ತಿದ ಒಂದು ಮುಖ, ಅರ್ಧ ಗಡ್ಡ.

“ಬಂದ್ಯಾ?” ಎಂದು ಅವಳು ತೀರಿಹೋದ ಗಂಡನಿಗೆ ಗದರಿದಳು. “ಸತ್ತ ಮೇಲೂ ಊಟದ ಹೊತ್ತಿಗೇ ಬರ್ತೀಯಾ?”

“ನಾನು, ಉಮ್ಮಿ, ನಾನು ಬೆಲ್ಗಾಸಿಮ್...”

ಆದರೆ ಮೇಡಂ ಅವನನ್ನು ಪಕ್ಕಕ್ಕೆ ಸರಿಸಿ ತೂತಿನಲ್ಲಿ ತಲೆ ಹಾಕಿದ್ದರು. ಒಂದು ಹೊಂಡದಿಂದ ಇನ್ನೊಂದು ಹೊಂಡಕ್ಕೆ ಗಾಳಿ ಬುರ್ರೆಂದು ಬೀಸುತ್ತಿತ್ತು. ಅವರ ಟೋಪಿ ಹಾರಿ ಉಮ್ಮಿ ತುರ್ಕಿಯಾಳ ಪಾದದ ಬಳಿ ಬಿತ್ತು.

“ಆಹಾ, ಗಾಳಿ! ಎಲ್ಲಾ ಆ ಮನೆಗೇ ಹೋಗ್ತಿದೆಯಲ್ಲ, ಅದು ಯಾರದ್ದು?”

ಬೆಕ್ಕನ್ನು ಕಂಕುಳಲ್ಲಿಟ್ಟುಕೊಂಡು ಮಬ್ರೂಕ್ ಅಂಗಳಕ್ಕೆ ಓಡಿ ಬಂದಿದ್ದ. ಮುರಿದ ಗೋಡೆ ನೋಡಿದ, ಮಣ್ಣಾದ ಊಟ ನೋಡಿದ, ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಮೇಡಂನ ಮಾತು ಕಿವಿಗೆ ಬಿತ್ತು. ತೆರೆದ ಬಾಯಿ ಹಾಗೇ ನಗೆಯಾಯಿತು.

“ನಂದೇ ತಾಯಿ! ಮಾರೋಕೇ ಇಟ್ಟಿರೋದು. ಎಂಟು ಕೋಣೆ. ಬನ್ನಿ ಬನ್ನಿ, ಸುತ್ತಿ ಯಾಕೆ ಬರ್ತೀರಿ, ಏಣಿ ಹಾಕ್ತೀನಿ. ಏಯ್ ಬೆಲ್ಗಾಸಿಮಾ, ಏಣಿಯ ತುದಿ ಗಟ್ಟಿಯಾಗಿ ಹಿಡ್ಕೋ, ಮೇಡಂ ಬಿದ್ದುಗಿದ್ದಾರು!”

ಬೆಲ್ಗಾಸಿಮ್ ಹಿಡಿದುಕೊಂಡ. ಇನ್ನೇನು ಮಾಡಿಯಾನು? ತಾನೇ ಕರೆಸಿದ ಗಿರಾಕಿ ತಾನೇ ತೋಡಿದ ತೂತಿನಿಂದ ಒಂದೊಂದೇ ಮೆಟ್ಟಿಲು ಇಳಿದು ಮಬ್ರೂಕನ ಅಂಗಳ ಸೇರುವುದನ್ನು ತನ್ನ ಕೈಯಿಂದಲೇ ಭದ್ರವಾಗಿ ನೋಡಿಕೊಂಡ.

ಮೂರನೇ ಸುತ್ತಿನ ಟೀ ಮುಗಿಯುವ ಹೊತ್ತಿಗೆ ವ್ಯಾಪಾರ ಮುಗಿದಿತ್ತು. ಬೆಲ್ಗಾಸಿಮ್ ಹೇಳಲು ನಾಚಿದ್ದ ಬೆಲೆಯನ್ನು ಮಬ್ರೂಕ್ ನಾಚದೆ ಹೇಳಿದ, ಮೇಡಂ ಒಪ್ಪಿದರು. ಅವರದು ಒಂದೇ ಷರತ್ತು: “ಆ ತೂತು ಮುಚ್ಚೋ ಹಾಗಿಲ್ಲ. ಗಾಳಿಗೇ ನಾನು ದುಡ್ಡು ಕೊಡ್ತಿರೋದು.”

“ಮುಚ್ಚೋದೆ?” ಅಂದ ಮಬ್ರೂಕ್. “ಗುದ್ದಿಸದೆ ತೋಡಿದಾನೆ. ಗೋಡೆ ಮೇಲೆ ನನ್ನ ಮಾತೇ ಕಾನೂನು. ಮೊಮ್ಮಕ್ಕಳ ಕಾಲಕ್ಕೂ ಮುಚ್ಚಲ್ಲ.” ಹೊಂಡದ ಅಂಚಿನ ತಲೆಗಳೆಲ್ಲ ಹೌದು ಹೌದೆಂದು ಅಲ್ಲಾಡಿದವು. ಹೊರಟು ನಿಂತ ಬೆಲ್ಗಾಸಿಮನ ಭುಜವನ್ನು ಮಬ್ರೂಕ್ ತಟ್ಟಿದ: “ಹೊಸ ಮತ್ಮಾತದಲ್ಲಿ ನಿನ್ನ ಅಂಚೆ ಕಚೇರಿ ಎದುರಿಗೇ ಒಂದು ಮನೆ ಇದೆಯಂತಲ್ಲೋ, ಬಾಲ್ಕನಿಯದ್ದು? ಅದನ್ನೇ ತಗೋತೀನಿ. ಮಧ್ಯಾಹ್ನ ಊಟಕ್ಕೆ ಬಂದ್ಬಿಡು.”

ಬೆಲ್ಗಾಸಿಮ್ ಮನೆಯೊಳಗೆ ಕಾಲಿಡಲು ಹೆದರಿದ. ಹೆಂಡತಿ ಏನೆನ್ನುತ್ತಾಳೋ! ಅಂಗಳದಲ್ಲಿ ಅವಳಿರಲಿಲ್ಲ, ಅಡುಗೆಮನೆಯಲ್ಲೂ ಇಲ್ಲ. ತವರಿಗೆ ಹೋದಳೇನೋ ಎಂದು ಕೋಣೆ ಕೋಣೆ ಇಣುಕುತ್ತಿರುವಾಗ ಹೊಂಡದ ಅಂಚಿನಿಂದ ಹಶ್ಮಿ ಕೂಗಿದ.

“ಬೆಲ್ಗಾಸಿಮಾ! ನಿನ್ನ ಅದೃಷ್ಟ ತೆರೀತು ಕಣೋ! ಮೇಡಂ ಜೊತೆ ವ್ಯಾನಲ್ಲಿ ಬಂದಿದ್ದ ಗಂಡ ಹೆಂಡತಿ ಅಂಗಡೀಲಿ ಕೂತಿದಾರೆ. ಗೋಡೇಲಿ ಗಾಳಿಗಂಡಿ ಇರೋ ಮನೆ ಇಡೀ ಗುಡ್ಡದಲ್ಲಿ ಇನ್ನು ಉಳಿದಿರೋದು ನಿಂದೊಂದೇ ಅಂತೆ, ಮಬ್ರೂಕನಿಗೆ ಸಿಕ್ಕಿದ್ದಕ್ಕಿಂತ ಜಾಸ್ತಿ ಕೊಡ್ತಾರಂತೆ. ಹೂಂ ಅನ್ನು, ಕರ್ಕೊಂಡು ಬರ್ತೀನಿ!”

ಬೆಲ್ಗಾಸಿಮನಿಗೆ ಮಂಡಿ ನೋವು ಮರೆತೇಹೋಯಿತು. “ಮೆಹ್ರಿಯಾ! ಎಲ್ಲಿದೀಯೇ?” ಎಂದು ಉಗ್ರಾಣದ ಮೆಟ್ಟಿಲು ಹಾರಿ ಹತ್ತಿದ.

ಏಳನೇ ಕೋಣೆಯಲ್ಲಿ ಕಸ ಗುಡಿಸಿತ್ತು. ತೂತಿನ ಅಡ್ಡಕ್ಕೆ ಹಳೆಯ ಏಣಿಯ ತುಂಡೊಂದನ್ನು ಕಟಕಟೆಯಂತೆ ಕಟ್ಟಿತ್ತು, ಅದರ ಮೇಲೆ ತುಳಸಿಯ ಕುಂಡ. ಮೆಹ್ರಿಯಾ ಕಟಕಟೆಗೆ ಮೊಣಕೈಯೂರಿ ನಿಂತು, ಕೆಳಗೆ ನೋಡುತ್ತಾ, ಟೀ ಕುಡಿಯುತ್ತಿದ್ದಳು.

“ಶ್!” ಅಂದಳು. “ಉಮ್ಮಿ ತುರ್ಕಿಯಾ ಸಾರಿಗೆ ಎರಡನೇ ಸಲ ಉಪ್ಪು ಹಾಕ್ತಿದಾಳೆ.”

“ಮೆಹ್ರಿಯಾ, ಇನ್ನೊಂದು ಗಿರಾಕಿ ಬಂದಿದೆ! ಮಾರ್ಬಹುದು!”

ಅವಳು ನಿಧಾನವಾಗಿ ತಿರುಗಿದಳು. ಮದುವೆಯಾದಾಗಿನಿಂದ ಮೊದಲ ಸಲ ಅವಳ ಮುಖದಲ್ಲಿ ಪೂರ್ತಿ ತೃಪ್ತಿಯಿತ್ತು. ಬೆಲ್ಗಾಸಿಮನಿಗೆ ಅದನ್ನು ಕಂಡೇ ಭಯವಾಯಿತು.

“ನಿಮಗೆ ತಲೆ ಸರಿಯಿದೆಯೇನ್ರೀ? ಬಾಲ್ಕನಿ ಇರೋ ಮನೇನ ಯಾರಾದ್ರೂ ಮಾರ್ತಾರಾ?” ಎಂದು ಮತ್ತೆ ಕೆಳಗೆ ನೋಡಿದಳು. “ಸುಮ್ನೆ ನಿಂತಿರಬೇಡಿ, ಹೋಗಿ ಅವರ ಅಂಗಳದ ಮಣ್ಣು ಎತ್ತಿ ಹಾಕಿ. ಇಲ್ಲಿಂದ ನೋಟ ಚೆನ್ನಾಗಿಲ್ಲ.”