ನಿಧಾನವಾಗಿ ಬೈಯುವ ಊರು

ಆ ಒಂದು ಮಾತನ್ನು ಬೌದಿಲಿಯೊ ನುಂಗಿಕೊಂಡಿದ್ದರೆ ಶೆಲಾ ಪಟ್ಟಣದ ಭಾನುವಾರ ಎಂದಿನಂತೆ ಕಳೆದುಹೋಗುತ್ತಿತ್ತು.

ಅವನು ವಿದೇಶಿಯರಿಗೆ ಸ್ಪ್ಯಾನಿಷ್ ಕಲಿಸುವ ಮೇಷ್ಟ್ರು. ಶಾಲೆಯಲ್ಲಿ ಒಬ್ಬ ಮೇಷ್ಟ್ರಿಗೆ ಒಬ್ಬರೇ ವಿದ್ಯಾರ್ಥಿ, ನಡುವೆ ಒಂದು ಸಣ್ಣ ಮೇಜು. ಮೂರು ವಾರದಿಂದ ಅವನ ಮೇಜಿನ ಆಚೆ ಬದಿ ಖಾಲಿ ಬಿದ್ದಿತ್ತು. ಶಾಲೆಯ ಒಡತಿ ಎಲ್ವಿರಾ, ಊರಿನವರ ಗೌರವದ ಮಾತಿನಲ್ಲಿ ದೋನ್ಯಾ ಎಲ್ವಿರಾ, ಶನಿವಾರ ಸಂಜೆ ಅವನನ್ನು ಕರೆದು, ಸೋಮವಾರ ಎಂಟು ಗಂಟೆಗೆ ಎದುರಿನ ಕುರ್ಚಿ ತುಂಬದಿದ್ದರೆ ಅವನ ಕುರ್ಚಿಯನ್ನೂ ಎತ್ತಿಸುವುದಾಗಿ ಹೇಳಿದ್ದಳು. ಆಗಿನಿಂದ ಅವನು ಕಾಲಿಗೆ ಇರುವೆ ಹತ್ತಿದವನ ಹಾಗೆ ಒಂದು ಕಡೆ ನಿಲ್ಲಲಾರದೆ ತಿರುಗುತ್ತಿದ್ದ.

ಬೆಳಗ್ಗೆ ಒಂಬತ್ತಕ್ಕೆ ಪಾರ್ಕಿನ ಬೆಂಚಿನ ಮೇಲೆ ಇಂಗುನ್ ಸಿಕ್ಕಳು. ನಾರ್ವೆಯವಳು, ಅರವತ್ತು ದಾಟಿದವಳು. ಮೂವತ್ತೈದು ವರ್ಷ ಮನೆಮನೆಗೆ ಕಾಗದ ಹಂಚಿ ನಿವೃತ್ತಳಾಗಿದ್ದಳು. ಮೂರು ತಿಂಗಳು ಒಂದೂರಲ್ಲಿ ಉಳಿದು ಸ್ಪ್ಯಾನಿಷ್ ಕಲಿಯಬೇಕು, ಯಾವ ಊರು ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಅವಳ ನೋಟ್‌ಬುಕ್ಕಿನಲ್ಲಿ ಊರಿಗೊಂದು ಪುಟ, ಪುಟಕ್ಕೊಂದು ಅಂಕವಿತ್ತು. ಮೆಕ್ಸಿಕೋದ ಊರಿನವರು ರೈಲು ತಪ್ಪಿಹೋಗುತ್ತದೆ ಎನ್ನುವಂತೆ ಮಾತಾಡುತ್ತಾರೆ, ಹತ್ತಕ್ಕೆ ನಾಲ್ಕು. ಆಂತಿಗುವಾದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ, ಮೂರು. ಸರೋವರದ ದಂಡೆಯ ಊರಿನಲ್ಲಿ ಎಲ್ಲರೂ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತಿರುತ್ತಾರೆ, ಮಾತೇ ಇಲ್ಲ, ಎರಡು. ಶೆಲಾದ ಪುಟ ಇನ್ನೂ ಖಾಲಿ. ಇದೂ ಹಿಡಿಸದಿದ್ದರೆ ಐದು ಗಂಟೆಯ ಬಸ್ಸು ಹತ್ತಿ ನಿಕರಾಗುವಾದ ದಾರಿ ಹಿಡಿಯುವವಳಿದ್ದಳು.

"ನಮ್ಮೂರಲ್ಲಿ ಆ ತಾಪತ್ರಯ ಇಲ್ಲಮ್ಮ," ಅಂದುಬಿಟ್ಟ ಬೌದಿಲಿಯೊ. "ಇಲ್ಲಿ ನಾಯಿ ಕೂಡ ಬಿಡಿಸಿ ಬಿಡಿಸಿ ಬೊಗಳುತ್ತೆ."

ಇಂಗುನ್ ಪೆನ್ನಿನ ಮುಚ್ಚಳ ತೆಗೆದಳು. ಊರು ಸುತ್ತಿ ನೋಡುತ್ತೇನೆ, ಐದಕ್ಕೆ ಇಲ್ಲೇ ಹೇಳುತ್ತೇನೆ ಅಂದಳು.

ಶೆಲಾದ ಜನ ನಿಧಾನವಾಗಿ ಮಾತಾಡುವುದು ಶಾಲೆಯ ಗೋಡೆಗಳ ಒಳಗೆ ಮಾತ್ರ ಎಂಬುದು ಬೌದಿಲಿಯೊಗೆ ಚೆನ್ನಾಗಿ ಗೊತ್ತಿತ್ತು. ಅವನು ಸೀದಾ ಕ್ಷೌರದ ನಿಕಾನೋರನ ಅಂಗಡಿಗೆ ಓಡಿ, ವಿದೇಶಿ ಹೆಂಗಸು ಬಂದರೆ ಬಿಡಿಸಿ ಮಾತಾಡಿ ಎಂದು ಬೀದಿಯ ನಾಲ್ಕು ಅಂಗಡಿಗಳಿಗೆ ಗುಟ್ಟಾಗಿ ಮುಟ್ಟಿಸಲು ಬೇಡಿಕೊಂಡ. ನಿಕಾನೋರನಿಗೆ ಗುಟ್ಟು ಇಟ್ಟುಕೊಂಡು ಅಭ್ಯಾಸವಿಲ್ಲ. ಒಂದೇ ಕೆನ್ನೆ ಬೋಳಿಸಿಕೊಂಡ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಹೊರಟ. ಸುದ್ದಿ ಮಾರುಕಟ್ಟೆ ಮುಟ್ಟುವ ಹೊತ್ತಿಗೆ ಇಂಗುನ್ ರಾಜಧಾನಿಯಿಂದ ಬಂದ ದೊಡ್ಡ ಅಧಿಕಾರಿಯಾಗಿದ್ದಳು. ಮಾತು ನುಂಗಿದವರ ಅಂಗಡಿಯ ಲೈಸೆನ್ಸು ರದ್ದಾಗುತ್ತದಂತೆ.

ರೊಟ್ಟಿ ಅಂಗಡಿಯವಳು ಇಂಗುನ್‌ಗೆ ಆರು ಬಗೆಯ ರೊಟ್ಟಿಗಳ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿದಳು. ಸಾಲು ಬೀದಿಯ ತಿರುವಿನವರೆಗೆ ಬೆಳೆಯಿತು. ಅಷ್ಟರಲ್ಲಿ ಒಲೆಯೊಳಗಿನ ರೊಟ್ಟಿ ಸೀದುಹೋಯಿತು. ಬಸ್ಸಿನ ಬಾಗಿಲ ಪಕ್ಕ ನಿಂತು ಊರುಗಳ ಹೆಸರು ಕೂಗುವವನು ಅವಳನ್ನು ಕಂಡು ಗಂಟಲು ಸರಿಮಾಡಿಕೊಂಡ. ಅವನು ಮೂರನೆಯ ಊರಿನ ಹೆಸರು ಮುಗಿಸುವಷ್ಟರಲ್ಲಿ ಬಸ್ಸು ಹೋಗಿತ್ತು. ಅವನು ಬೌದಿಲಿಯೊನ ತಾಯಿಯನ್ನು ನೆನೆದ. ಇಂಗುನ್ ನೋಡುತ್ತಿದ್ದಳಾದ್ದರಿಂದ ಅದನ್ನೂ ಬಿಡಿಸಿ ಬಿಡಿಸಿಯೇ ನೆನೆದ.

ಚರ್ಚಿನ ಹನ್ನೊಂದರ ಪೂಜೆ ಮುಗಿದಾಗ ಒಂದೂಕಾಲು. ಪಾದ್ರಿಗಳು ಪ್ರತಿ ಮಾತನ್ನೂ ತೂಗಿ ತೂಗಿ ಇಟ್ಟಿದ್ದರು. ನಿದ್ದೆ ಹೋದ ಮೂವರು ಮುದುಕರನ್ನು ಅಲುಗಿಸಿ ಎಬ್ಬಿಸಬೇಕಾಯಿತು. ತಮ್ಮ ಉಪದೇಶವನ್ನು ಒಬ್ಬರು ಬರೆದುಕೊಂಡದ್ದು ಇದೇ ಮೊದಲು ಎಂದು ಪಾದ್ರಿಗಳು ಬೌದಿಲಿಯೊನ ಕೈ ಕುಲುಕಿದರು. ಊಟ ಆರಿಹೋದ ಉಳಿದ ಊರು ಅವನನ್ನು ದುರುಗುಟ್ಟಿ ನೋಡಿತು. ಅವನು ನಿಲ್ಲಲಿಲ್ಲ. ಅವಳಿಗಿಂತ ಒಂದು ಬೀದಿ ಮುಂದೆ ಓಡುವುದು, ಎಚ್ಚರಿಸುವುದು, ಮತ್ತೆ ಓಡುವುದು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಮೂರು ಗಂಟೆಗೆ ಮಾರುಕಟ್ಟೆ ಮುಟ್ಟುವಾಗ ಮಾತ್ರ ಅವಳು ಅವನಿಗಿಂತ ಮುಂದಿದ್ದಳು. ಅಲ್ಲಿ ತೊಮಾಸಾ ಮತ್ತು ಸಿಮೋನಾ ಅಕ್ಕಪಕ್ಕ ಕೂತು ಬೆಣ್ಣೆಹಣ್ಣು ಮಾರುತ್ತಾರೆ. ಹತ್ತು ವರ್ಷದಿಂದ ದಿನಾ ಜಗಳ. ಉಸಿರು ತೆಗೆಯದೆ ಆಡುವ ಜಗಳ. ಕೇಳುವವರಿಗೆ ಹೊಲಿಗೆ ಯಂತ್ರದ ಸದ್ದಿನಷ್ಟೇ ತಿಳಿಯುತ್ತಿತ್ತು. ಇಂಗುನ್ ಎರಡೂ ರಾಶಿಗಳ ನಡುವೆ ನಿಂತು ಯಾರ ಹಣ್ಣು ಒಳ್ಳೆಯದು ಎಂದು ಕೇಳಿಬಿಟ್ಟಿದ್ದಳು. ಬೌದಿಲಿಯೊ ಅವಳ ಬೆನ್ನ ಹಿಂದಿನಿಂದ ಕೈಮುಗಿದು, ನಿಧಾನ, ನಿಧಾನ ಎಂದು ಸನ್ನೆ ಮಾಡಿದ.

ತೊಮಾಸಾಗೆ ಲೈಸೆನ್ಸು ನೆನಪಾಯಿತು. "ಇವಳ... ಹಣ್ಣು... ಇವಳ... ಗಂಡನ... ತಲೆ... ಥರ," ಅಂದಳು. "ಮೇಲೆ... ಗಟ್ಟಿ. ಒಳಗೆ... ಕೊಳೆತದ್ದು."

ಸಿಮೋನಾ ಯೋಚಿಸಿದಳು. ಹತ್ತು ವರ್ಷದಿಂದ ಕೇಳುತ್ತಿದ್ದ ಸದ್ದಿನೊಳಗೆ ಇಂಥದ್ದೊಂದು ಮಾತಿದೆ ಎಂದು ಅವಳಿಗೆ ತಿಳಿದದ್ದು ಆಗಲೇ.

"ನನ್ನ... ಗಂಡ... ಸತ್ತು... ಆರು... ವರ್ಷ... ಆಯ್ತು."

"ಗೊತ್ತು. ಮಣ್ಣಿಗೆ... ಬಂದಿದ್ದೆ. ನೀನು... ಒಂದು... ಲೋಟ... ಕಾಫಿ... ಕೊಡಲಿಲ್ಲ."

ಇಂಗುನ್ ಕೈ ಎತ್ತಿ, ಕೊಳೆತದ್ದು ಎಂಬುದನ್ನು ಮನುಷ್ಯರಿಗೂ ಹೇಳಬಹುದೇ ಎಂದು ಕೇಳಿದಳು. ಹೇಳಬಹುದು ಎಂದು ಇಬ್ಬರೂ ಒಟ್ಟಿಗೆ ಹೇಳಿ, ಪರಸ್ಪರರ ನೆಂಟರನ್ನು ಒಬ್ಬೊಬ್ಬರಾಗಿ ಉದಾಹರಣೆಯಾಗಿ ಕೊಟ್ಟರು. ಇಂಗುನ್ ಗಿಡ್ಡ ಮಣೆಯೊಂದನ್ನು ಎಳೆದುಕೊಂಡು ಕೂತಳು. ಬೌದಿಲಿಯೊ ವಸ್ತುಸಂಗ್ರಹಾಲಯ ಮುಚ್ಚಿಬಿಡುತ್ತದೆ ಎಂದ, ಮಳೆ ಬರುತ್ತದೆ ಎಂದ. ಅವಳು ಏಳಲಿಲ್ಲ. ಜಗಳ ಗಂಡಂದಿರಿಂದ ಮಾವಂದಿರಿಗೆ, ಅಲ್ಲಿಂದ ಕಳೆದುಹೋದ ಒಂದು ಹೇಂಟೆಗೆ ಇಳಿಯಿತು. ಶೆಲಾದ ಪುಟದ ತುಂಬ ಬೈಗುಳವೇ ತುಂಬುತ್ತಿತ್ತು. ಬೌದಿಲಿಯೊ ಕಂಬದಿಂದ ಕಂಬಕ್ಕೆ ನಡೆಯುತ್ತ ಗಡಿಯಾರ ನೋಡಿದ.

ಐದಕ್ಕೆ ಪಾರ್ಕಿನಲ್ಲಿ ದೋನ್ಯಾ ಎಲ್ವಿರಾ ರಿಜಿಸ್ಟರು ಹಿಡಿದು ಕಾದಿದ್ದಳು. ಇಂಗುನ್ ತೊಮಾಸಾಳನ್ನೂ ಕೈಹಿಡಿದು ಕರೆತಂದಿದ್ದಳು. ನೋಟ್‌ಬುಕ್ಕು ತೆರೆದು ತೋರಿಸಿದಳು. ಶೆಲಾ, ಹತ್ತಕ್ಕೆ ಹತ್ತು. ಐದರ ಬಸ್ಸು ಅವಳಿಲ್ಲದೆ ಹೊರಟಿತು.

ಶನಿವಾರದಿಂದ ಮೊದಲ ಬಾರಿಗೆ ಬೌದಿಲಿಯೊ ಕೂತ.

ಸೋಮವಾರ ಎಂಟಕ್ಕೆ, ಬೌದಿಲಿಯೊ ಮೇಷ್ಟ್ರು, ಎಂದು ದೋನ್ಯಾ ಎಲ್ವಿರಾ ಬರೆಯತೊಡಗಿದಳು.

"ಎಂಟು ಸರಿ," ಅಂದಳು ಇಂಗುನ್. "ಮೇಷ್ಟ್ರು ಬೇಡ. ಬೆಳಗಿಂದ ಎಲ್ಲರೂ ನನ್ನ ಜೊತೆ ಮಾತಾಡಿದರು. ಇವರು ಮಾತ್ರ ಓಡ್ತಾನೇ ಇದ್ದರು. ನನಗೆ ದೋನ್ಯಾ ತೊಮಾಸಾ ಬೇಕು."

ಮೂವತ್ತು ವರ್ಷ ಶಾಲೆ ನಡೆಸಿದ ದೋನ್ಯಾ ಎಲ್ವಿರಾ ರೆಪ್ಪೆ ಕೂಡ ಬಡಿಯಲಿಲ್ಲ. ಒಂದು ಹೆಸರು ಹೊಡೆದು ಇನ್ನೊಂದು ಬರೆದಳು. ಬೌದಿಲಿಯೊ ತನ್ನ ಹನ್ನೊಂದು ವರ್ಷದ ಅನುಭವ ಹೇಳಿದ, ಸರ್ಟಿಫಿಕೇಟಿನ ಮಾತೆತ್ತಿದ. ಯಾರೂ ಕೇಳಿಸಿಕೊಳ್ಳಲಿಲ್ಲ, ಯಾಕೆಂದರೆ ತೊಮಾಸಾ ತನ್ನ ಷರತ್ತು ಹೇಳುತ್ತಿದ್ದಳು: ತಾನು ಪಾಠಕ್ಕೆ ಬಂದರೆ ಹಣ್ಣಿನ ಹತ್ತಿರ ಯಾರಾದರೂ ಕೂರಬೇಕು, ಸಿಮೋನಾಳನ್ನು ನಂಬುವ ಹಾಗಿಲ್ಲ.

ಎಲ್ಲರೂ ಬೌದಿಲಿಯೊನನ್ನು ನೋಡಿದರು.

"ಕೆಲಸ ಹೋಯ್ತು ಅಂದ್ಕೋಬೇಡಿ ಮೇಷ್ಟ್ರೇ," ಅಂದಳು ದೋನ್ಯಾ ಎಲ್ವಿರಾ. "ಜಾಗ ಬದಲಾಯ್ತು ಅಷ್ಟೇ."

ಈಗಲೇ ಹೋಗಿ ರೂಢಿ ಮಾಡಿಕೋ ಎಂದಳು ತೊಮಾಸಾ. ಕತ್ತಲಾಗಲು ಇನ್ನೂ ಒಂದು ಗಂಟೆ ಇದೆ, ಹಣ್ಣು ಹಾಗೇ ಬಿದ್ದಿದೆ. ಬೌದಿಲಿಯೊ ಹೋಗಿ ಆ ಗಿಡ್ಡ ಮಣೆಯ ಮೇಲೆ, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತ. ಸಿಮೋನಾ ಕತ್ತು ಚಾಚಿ ಎರಡೂ ಬದಿ ನೋಡಿದಳು. ಅಧಿಕಾರಿ ಇರಲಿಲ್ಲ. ಎರಡು ಗಂಟೆ ಬಿಗಿಹಿಡಿದ ಉಸಿರನ್ನು ಬಿಟ್ಟು, ತೊಮಾಸಾಳ ಜಾಗದಲ್ಲಿ ಕೂತವನ ಮೇಲೆ ಶುರುಮಾಡಿದಳು. ಮೊದಲ ಒಂದು ನಿಮಿಷದಲ್ಲಿ ಮೇಷ್ಟ್ರಿಗೆ ತಿಳಿದದ್ದು ಎರಡೇ ಪದ, ಕಾಫಿ ಮತ್ತು ಹೇಂಟೆ.

ಅವನು ಹನ್ನೊಂದು ವರ್ಷದಲ್ಲಿ ನೂರಾರು ವಿದೇಶಿಯರ ಬಾಯಲ್ಲಿ ಕೇಳಿದ್ದ ಮಾತನ್ನು ಹೇಳಿದ: "ಸ್ವಲ್ಪ ನಿಧಾನವಾಗಿ ಹೇಳಿ ದೋನ್ಯಾ, ಅರ್ಥ ಆಗಲಿಲ್ಲ."