ಡಾಕ್ಟರ ಕೈಯ ಸೂಜಿ

ಮದ್ದೂರಿನಲ್ಲಿ ಜಟಕಾ ಗಾಡಿಗಳ ರಿಪೇರಿ ಮಾಡುತ್ತಿದ್ದ ನಯಾಜ್ ಪಾಷಾ ಬೆಳ್ಳಂಬೆಳಗ್ಗೆ ತುಕ್ಕು ಹಿಡಿದ ಲಾಳದ ಮೊಳೆ ತುಳಿದ. ಕಿತ್ತೆಸೆದು, ಅರಿಶಿನ ಮೆತ್ತಿ, ಸುಮ್ಮನೆ ಕೆಲಸಕ್ಕೆ ಕೂತಿದ್ದರೆ ಮುಗಿದಿತ್ತು. ಆದರೆ ಎದುರಂಗಡಿಯ ಪುಟ್ಟಮಾದಯ್ಯನ ಕಣ್ಣು ತಪ್ಪಿಸಿ ಆ ಬೀದಿಯಲ್ಲಿ ನೊಣವೂ ಕೂರುವ ಹಾಗಿರಲಿಲ್ಲ.

"ಲೇ ಪಾಷಾ, ಧನುರ್ವಾಯು ಬಂದ್ರೆ ಬಿಲ್ಲಂಗೆ ಬಗ್ಗೋಯ್ತೀಯ ಕಣ್ಲಾ! ನಡಿ ಆಸ್ಪತ್ರೆಗೆ, ಸೂಜಿ ಆಕುಸ್ಕೊ."

ನಯಾಜ್ ಬೆವತುಹೋದ. ಕೆಂಪಗೆ ಕಾದ ಕಬ್ಬಿಣ ಬಡಿಯುವ ಆಸಾಮಿ, ಸೂಜಿಯೆಂದರೆ ಬೆಕ್ಕು ಕಂಡ ಇಲಿ. ಅದನ್ನು ಬಾಯಿಬಿಟ್ಟು ಹೇಳುವುದುಂಟೆ? ಕುಂಟುತ್ತ ಹೊರಟ.

ಆಸ್ಪತ್ರೆಯಲ್ಲಿ ಡಾಕ್ಟರಿರಲಿಲ್ಲ. ಕಾಲರಾ ಸೂಜಿ ಹಾಕಲು ವೈದ್ಯನಾಥಪುರಕ್ಕೆ ಹೋಗಿದ್ದರು. ಕಾಂಪೌಂಡರ್ ಶಿವಯ್ಯ ಕೈ ಮುಗಿದುಬಿಟ್ಟ. "ನಾನು ಔಷಧಿ ಬೆರೆಸೋನಪ್ಪ, ಸೂಜಿ ಹಿಡಿಯಂಗಿಲ್ಲ. ನರ್ಸಮ್ಮ ಮೈಸೂರಲ್ಲಿ ಕಲಿತು ಪಾಸಾದೋರು. ಡಾಕ್ಟ್ರ ಅಪ್ಪಣೆ ಇದ್ರೆ ಅವ್ರು ಆಕ್ತಾರೆ."

ನಯಾಜನಿಗೆ ತಪ್ಪಿಸಿಕೊಳ್ಳಲು ದಾರಿ ಕಂಡಿತು. "ಡಾಕ್ಟ್ರೇ ಆಕ್ಬೇಕು! ಬ್ಯಾರೆ ಯಾರ ಸೂಜೀನೂ ನಂಗೆ ಬ್ಯಾಡ!"

ನರ್ಸ್ ಗೋದಮ್ಮ ಬೇಸರಪಟ್ಟುಕೊಳ್ಳಲಿಲ್ಲ. "ಒಳ್ಳೇದಾಯ್ತು. ನಾನೂ ಅಲ್ಲಿಗೇ ಹೊರಟಿದ್ದೀನಿ. ನಿಮ್ಮ ಔಷಧೀನೂ ಜೊತೇಲಿ ತಗೋತೀನಿ, ಹತ್ತಿ ಗಾಡಿ" ಎಂದರು. ಪುಟ್ಟಮಾದಯ್ಯ ಅಂಗಡಿಗೆ ಬೀಗ ಜಡಿದು ತಾನೂ ಹತ್ತಿದ. ಇಂಥ ತಮಾಷೆ ದಿನಾ ಸಿಗುತ್ತದೆಯೇ!

ವೈದ್ಯನಾಥಪುರದ ದೇವಸ್ಥಾನದ ಮುಂದೆ ಡಾಕ್ಟರ್ ವೆಂಕಟೇಶಮೂರ್ತಿ ಒಬ್ಬರೇ ಕೂತಿದ್ದರು. ಊರವರೆಲ್ಲ ಸೂಜಿಗೆ ಹೆದರಿ ಹುಲ್ಲಿನ ಬಣವೆಗಳ ಹಿಂದೆ ಅಡಗಿದ್ದರು. ನಯಾಜನ ಹಟ ಕೇಳಿ ಡಾಕ್ಟರು ನಕ್ಕರು.

"ನಾನು ಓದಿರೋದು ಯಾವ ರೋಗಕ್ಕೆ ಯಾವ ಔಷಧಿ ಅಂತ. ಚುಚ್ಚೋ ಕೈ ಇವರದು ಕಣಯ್ಯ. ನನಗೇ ಸೂಜಿ ಬೇಕಾದ್ರೆ ಇವರನ್ನೇ ಕೇಳ್ಕೋತೀನಿ. ಹಾಕಿ, ಗೋದಮ್ಮನವರೇ."

ನಯಾಜ್ ಕಣ್ಣು ಮುಚ್ಚಿ ಹಲ್ಲು ಕಚ್ಚಿದ. ಗೋದಮ್ಮ ಅವನ ಹೆಂಡತಿ ಮಕ್ಕಳ ಯೋಗಕ್ಷೇಮ ವಿಚಾರಿಸಿದರು. ಉತ್ತರ ಹೇಳಿ ಮುಗಿಸಿ ಅವನೇ ಕೇಳಿದ, "ಚುಚ್ಚಿ ಮತ್ತೆ, ಯಾಕೆ ತಡ?"

"ಆಗ್ಲೇ ಆಯ್ತಲ್ಲ!"

ಅವನ ಕಣ್ಣಲ್ಲಿ ನೀರೇ ಬಂತು. ಹುಲ್ಲಿನ ಬಣವೆಗಳ ಕಡೆ ತಿರುಗಿ ಕೂಗಿದ: "ಬರ್ರಪ್ಪೋ! ಇದು ಸೂಜಿಯಲ್ಲ, ತಾಯಿ ಕೈ! ಇನ್ನತ್ತು ಸೂಜಿ ಆಕಿದ್ರೂ ಆಕುಸ್ಕೋತೀನಿ!" ಜನ ಒಬ್ಬೊಬ್ಬರಾಗಿ ಹೊರಬಂದು ಗೋದಮ್ಮನ ಮುಂದೆ ಸಾಲುಗಟ್ಟಿದರು. ನಯಾಜ್ ಮೀಸೆ ತಿರುವುತ್ತ, ಅಳುಕುವವರ ಬೆನ್ನು ತಟ್ಟುತ್ತ ಓಡಾಡಿದ.

ಸ್ವಲ್ಪ ಹೊತ್ತಿನ ಮೇಲೆ ಡಾಕ್ಟರು ಅವನ ತೋಳನ್ನು ತಿರುಗಿಸಿ ನೋಡಿದರು. "ಊತವಿಲ್ಲ, ಔಷಧಿ ಒಗ್ಗುತ್ತೆ. ಇನ್ನು ದೊಡ್ಡದು ಹಾಕ್ಬಹುದು."

"ದೊಡ್ಡದಾ?"

"ಆಗ ಹಾಕಿದ್ದು ಪರೀಕ್ಷೆಗೆ ಒಂದು ತೊಟ್ಟು ಕಣಯ್ಯ. ಪೂರ್ತಿ ಸೀಸೆ ಹಾಗೇ ಇದೆ."

ನಯಾಜ್ ಗೋದಮ್ಮನ ಮುಖ ನೋಡಿ ಧೈರ್ಯ ತಂದುಕೊಂಡ. ಅಷ್ಟರಲ್ಲಿ ಬೆಟ್ಟಮ್ಮ ಎಂಬ ಮುದುಕಿ ಓಡಿಬಂದಳು. "ನರ್ಸಮ್ಮಾ, ನನ್ ಮಗಳ್ಗೆ ಬ್ಯಾನೆ! ಮಗಿನ ಕಾಲು ಮುಂದಾಗಯ್ತೆ, ಬಾ ತಾಯಿ!"

ಗೋದಮ್ಮ ಚೀಲ ಎತ್ತಿಕೊಂಡು ಆಗಲೇ ಮೆಟ್ಟಿಲಿಳಿದಿದ್ದರು. "ಬೇಕಾದ್ರೆ ಕರೀತೀನಿ ಡಾಕ್ಟ್ರೇ. ಇವರದು ನೀವೇ ಹಾಕಿಬಿಡಿ."

"ನಾನು ಕಾಯ್ತೀನಿ ಸ್ವಾಮಿ! ರಾತ್ರಿವರ್ಗೂ ಕಾಯ್ತೀನಿ!" ನಯಾಜ್ ಗೋಗರೆದ.

"ನೀನು ಕಾಯ್ತೀಯ, ಧನುರ್ವಾಯು ಕಾಯೋದಿಲ್ಲ" ಎಂದ ಡಾಕ್ಟರು ದಬ್ಬಣದಂಥ ಸೂಜಿ ಎತ್ತಿಕೊಂಡರು. ಪುಟ್ಟಮಾದಯ್ಯ ಸಂತೋಷದಿಂದ ಅವನ ಕಾಲುಗಳನ್ನು ಅಮುಕಿ ಹಿಡಿದ.

ಬೆಟ್ಟಮ್ಮನ ಅಂಗಳದಲ್ಲಿ ಹೆಂಗಸರು ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಒಳಗಿನಿಂದ ಮಗುವಿನ ಅಳು ಕೇಳಿಸಿತು. ಅದರ ಬೆನ್ನಿಗೇ ಇನ್ನೊಂದು ಅಳು, ಮೊದಲಿನದಕ್ಕಿಂತ ಬಲವಾದದ್ದು, ಊರನ್ನೇ ನಡುಗಿಸಿತು.

"ಅವಳಿ ಕಣಮ್ಮ!" ಎಂದು ಹೆಂಗಸರು ಕೈ ತಟ್ಟಿದರು.

ಬೆಟ್ಟಮ್ಮ ಬಾಗಿಲಿಗೆ ಬಂದು ಕಣ್ಣೊರೆಸಿಕೊಂಡಳು. "ತಾಯಿ ಮಗು ಇಬ್ರೂ ಉಳುದ್ರು, ನರ್ಸಮ್ಮನ ಕೈಗುಣ ದೊಡ್ಡದು. ಆದ್ರೆ ಉಟ್ಟಿದ್ದು ಒಂದೇ ಮಗು ಕಣವ್ವ. ದೇವಸ್ಥಾನದ ಕಡೆ ಅಳ್ತಿರೋದ್ಯಾರು?"