ಎರಡನೇ ಬ್ರೇಕು

ಇಷ್ಟಕ್ಕೆಲ್ಲ ಕಾರಣ ನಕ್ಷೆಗಾರನ ಬಲಗಾಲು. ತನ್ನದೇನೂ ತಪ್ಪಿಲ್ಲ, ಎಲ್ಲ ಕಾಲಿನದೇ ಎಂದು ಅವನು ಇಂದಿಗೂ ಆಣೆ ಮಾಡಿ ಹೇಳುತ್ತಾನೆ.

ನಕ್ಷೆ ಬರೆಯುವ ಕಚೇರಿಯಲ್ಲಿ ಅವನು ಇಪ್ಪತ್ತೆರಡು ವರ್ಷದಿಂದ ಬೆಟ್ಟಗಳನ್ನು ಬರೆಯುತ್ತಿದ್ದ. ಕಂದು ಶಾಯಿಯಲ್ಲಿ ಒಂದರೊಳಗೊಂದು ಸುತ್ತುಗೆರೆ ಎಳೆದು, ನಡುವೆ ಎತ್ತರದ ಅಂಕಿ ಬರೆದರೆ ಒಂದು ಬೆಟ್ಟ ಮುಗಿಯಿತು. ಊಟದೊಳಗೆ ಎರಡು, ಸಂಜೆಯೊಳಗೆ ಇನ್ನೊಂದು. ಆದರೆ ಅವನಿದ್ದ ಊರು ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ ಸಪಾಟು. ಅಲ್ಲಿ ಎತ್ತರ ಎಂದರೆ ನೀರಿನ ಟ್ಯಾಂಕು. ನಿಜವಾದ ಬೆಟ್ಟವನ್ನು ಅವನು ಕಣ್ಣಾರೆ ಕಂಡವನೇ ಅಲ್ಲ.

ಇದು ಗೊತ್ತಾದ ದಿನ ಅವನ ಬಾಲ್ಯದ ಗೆಳೆಯ ಗೇರಪ್ಪ ಹೌಹಾರಿದ.

"ಲೋ, ಇದನ್ನ ಹೊರಗೆಲ್ಲೂ ಬಾಯಿ ಬಿಡ್ಬೇಡ ಕಣೋ. ಕೊಂಡವರೆಲ್ಲ ನಕ್ಷೆ ವಾಪಸ್ ತಂದಾರು! ಈ ಶನಿವಾರ, ಭಾನುವಾರ ಎರಡೂ ನಂಗೆ ಕೊಡು. ಬೆಟ್ಟದೂರಿಗೆ ಹೋಗಿ ಒಂದು ರಾತ್ರಿ ಇದ್ದು ಬರೋಣ."

ಗೇರಪ್ಪ ಎಂಬುದು ಊರವರು ಇಟ್ಟ ಹೆಸರು. ಒಂದೇ ಕಾರಿನ ಡ್ರೈವಿಂಗ್ ಶಾಲೆ ಅವನದು. ಯಜಮಾನನೂ ಅವನೇ, ಮೇಷ್ಟ್ರೂ ಅವನೇ. ಕಾರಿನ ನೆತ್ತಿಯ ಮೇಲೆ ಶಾಲೆಯ ಫಲಕ, ಹಿಂದೆ ಮುಂದೆ ಕೆಂಪು ಎಲ್ ಬೋರ್ಡು. ಪಕ್ಕದ ಸೀಟಿನ ಕೆಳಗೆ ಮೇಷ್ಟ್ರ ಕಾಲಿಗೆಂದು ಇನ್ನೊಂದು ಕ್ಲಚ್ಚು, ಇನ್ನೊಂದು ಬ್ರೇಕು. ಶನಿವಾರ ಬೆಳಿಗ್ಗೆ ಆ ಸೀಟಿನಲ್ಲಿ ನಕ್ಷೆಗಾರ ಕೂತ.

"ಕೆಳಗೆ ಏನೇ ಸಿಕ್ರೂ ತುಳೀಬೇಡ" ಎಂದ ಗೇರಪ್ಪ.

"ನಾನ್ಯಾಕೆ ತುಳೀಲಿ?"

ಬಯಲು ಮುಗಿಯುವವರೆಗೆ ತುಳಿಯಲಿಲ್ಲ. ಘಾಟಿಯ ಮೊದಲ ತಿರುವಿನಲ್ಲಿ ರಸ್ತೆಯ ಪಕ್ಕದ ನೆಲ ಇದ್ದಕ್ಕಿದ್ದಂತೆ ಇಲ್ಲವಾಯಿತು. ಈವರೆಗೆ ತಲೆಯ ಮೇಲಿದ್ದ ಮರಗಳ ತುದಿ ಪಾದಕ್ಕಿಂತ ಕೆಳಗಿತ್ತು. ಅದಕ್ಕೂ ಕೆಳಗೆ, ಬಿದ್ದ ದಾರದ ಎಳೆಯಂತೆ ಹೊಳೆಯುತ್ತಿದ್ದದ್ದು ನದಿ.

"ಅಬ್ಬಾ!" ಎಂದ ನಕ್ಷೆಗಾರ. ಅವನ ಬಾಯಿಯ ಜೊತೆ ಬಲಗಾಲೂ "ಅಬ್ಬಾ" ಎಂದಿತು. ಕಾರು ಗಕ್ಕನೆ ನಿಂತಿತು. ಹಿಂದೆ ಬರುತ್ತಿದ್ದ ಬಸ್ಸು ಕಿರುಚಿ ನಿಂತು, ಐದು ನಿಮಿಷ ಹಾರ್ನ್ ಹೊಡೆಯಿತು.

"ತುಳಿದೆಯಾ?"

"ನಾನಲ್ಲ ಕಣೋ, ಕಾಲು."

ಮೂರನೇ ತಿರುವಿನಲ್ಲಿ ಬಂಡೆಯ ನೆತ್ತಿಯಿಂದ ಬಿಳಿಯ ನೀರು ಧುಮುಕುತ್ತಿತ್ತು. ಕಾಲು ತುಳಿಯಿತು. ಐದನೆಯದರಲ್ಲಿ ಮೋಡವೊಂದು ರಸ್ತೆಗಿಂತ ಕೆಳಗೆ, ಮೈಮೇಲೆ ಬಿಸಿಲು ಹೊದ್ದು ಮಲಗಿತ್ತು. ಮೋಡಕ್ಕೂ ಬೆನ್ನು ಇರುತ್ತದೆ ಎಂದು ನಕ್ಷೆಗಾರನಿಗೆ ಅವತ್ತೇ ತಿಳಿದದ್ದು. ಅವನ ಕಣ್ಣು ತುಂಬಿತು. ಕಾಲು ಮತ್ತೆ ತುಳಿಯಿತು. ಗೇರಪ್ಪ ಬೈದ, ಬೇಡಿಕೊಂಡ, ಕೊನೆಗೆ ಕಾಲನ್ನು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿಸಿದ. ಏಳನೇ ತಿರುವಿನಲ್ಲಿ ಬೆಟ್ಟದ ಸಾಲೇ ಎದುರು ಬಂದು ನಿಂತಾಗ ಚಕ್ಕಳಮಕ್ಕಳ ತಾನಾಗಿ ಬಿಚ್ಚಿಕೊಂಡಿತು. ಕಾರು ತಿರುವಿಗೆ ಅಡ್ಡವಾಗಿ ನಿಂತು, ಗೊರ್ ಎಂದು ಆಫ್ ಆಯಿತು.

ಈ ಸಲ ಬಸ್ಸಿಗೆ ಬಸ್ಸೇ ಕೆಳಗಿಳಿಯಿತು. ಮುಂದೆ ಒಬ್ಬ ಕೊಡೆ ಹಿಡಿದ ಮುದುಕ, ಹಿಂದೆ ಒಬ್ಬ ದಪ್ಪ ಹೆಂಗಸು, ಅವರ ಹಿಂದೆ ಉಳಿದವರು.

"ಎಲ್ ಬೋರ್ಡ್ ಕಾಣಲ್ವೇನ್ರಿ? ಪಾಪ, ಕಲೀತಿದ್ದಾನೆ" ಎಂದು ಮುದುಕ ಗೇರಪ್ಪನ ಕಡೆ ಕೊಡೆ ತೋರಿಸಿದ.

"ಕಲಿಯೋನ ತಪ್ಪೇನಿದೆ ಅಜ್ಜ? ಅಕ್ಷರ ಬರೋಕೆ ಮುಂಚೆ ಪರೀಕ್ಷೆಗೆ ಕೂರಿಸಿದಾರಲ್ಲ, ಆ ಮೇಷ್ಟ್ರನ್ನ ಕೇಳಿ!" ಎಂದು ಹೆಂಗಸು ನಕ್ಷೆಗಾರನ ಕಿಟಕಿ ಬಡಿದಳು.

ಹದಿನೆಂಟು ವರ್ಷ ಪಾಠ ಹೇಳಿದ ಗೇರಪ್ಪನ ಕಿವಿ ಕೆಂಪಾಯಿತು. "ರೀ, ನಾನೇ..." ಎಂದು ಶುರು ಮಾಡುವಷ್ಟರಲ್ಲಿ ಜನರ ನಡುವೆ ಬಿಳಿ ಟೋಪಿಯೊಂದು ತೇಲಿ ಬಂತು. ಟ್ರಾಫಿಕ್ ಪೊಲೀಸು. ಅವನ ಮೀಸೆ, "ನಿಲ್ಲಿಸು" ಎಂದು ಎರಡೂ ಕೈ ಚಾಚಿದಂತಿತ್ತು.

"ಏಳು ತಿರುವಲ್ಲಿ ನಾಲ್ಕು ಸಲ ನಿಂತಿದೀರಂತೆ! ಶಾಲೆ ಲೈಸೆನ್ಸ್ ಉಳೀಬೇಕೋ ಬೇಡ್ವೋ? ಇದರಲ್ಲಿ ಮೇಷ್ಟ್ರು ಯಾರು?"

ಗೇರಪ್ಪನ ತಲೆ ಓಡಿತು. ಹೀಗೆ ಬ್ರೇಕ್ ಹಾಕಿದವನು ಕಲಿಯುವವನಾದರೆ ಕ್ಷಮೆ ಉಂಟು, ಕಲಿಸುವವನಾದರೆ ಶಾಲೆಗೆ ಬೀಗ. ಅವನು ನಕ್ಷೆಗಾರನ ತೊಡೆಯನ್ನು ಬಲವಾಗಿ ಚಿವುಟಿ, ವಿನಯದಿಂದ ಹೇಳಿದ: "ಇವರೇ ನಮ್ಮ ಮೇಷ್ಟ್ರು ಸಾರ್."

ನಕ್ಷೆಗಾರ ಚಿವುಟಿದ ನೋವಿಗೆ ತಲೆಯಾಡಿಸಿದ. ಪೊಲೀಸು ಅದನ್ನು ಒಪ್ಪಿಗೆ ಎಂದುಕೊಂಡ.

"ಸರಿ. ಇನ್ಮೇಲೆ ಮೇಷ್ಟ್ರೇ ಓಡಿಸಿ. ನಾನೂ ಮೇಲಕ್ಕೇ ಬರ್ತೀನಿ, ನಡೀರಿ" ಎಂದು ಹಿಂದಿನ ಸೀಟಿನಲ್ಲಿ ಕೂತು ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡ.

ಜೀವನದಲ್ಲಿ ಸೈಕಲ್ ಬಿಟ್ಟು ಬೇರೇನೂ ಓಡಿಸದ ನಕ್ಷೆಗಾರ ಸ್ಟೇರಿಂಗ್ ಹಿಡಿದ. ಪಕ್ಕದಲ್ಲಿ ಗೇರಪ್ಪ ಕ್ಲಚ್ಚು, ಬ್ರೇಕುಗಳ ಮೇಲೆ ಕಾಲಿಟ್ಟು, ಒಳ್ಳೆಯ ಶಿಷ್ಯನ ದನಿಯಲ್ಲಿ ಕೇಳಿದ:

"ಸಾರ್, ಈಗ ಕೀ ತಿರುಗಿಸ್ತೀರಲ್ವಾ ಸಾರ್?"

ನಕ್ಷೆಗಾರ ತಿರುಗಿಸಿದ.

"ಗೇರನ್ನ ಎಡಕ್ಕೆ ಎಳೆದು ಮುಂದಕ್ಕೆ ತಳ್ತೀರಲ್ವಾ ಸಾರ್?"

ತಳ್ಳಿದ.

"ಬಲಗಾಲು ಮೆಲ್ಲಗೆ ಒತ್ತೋದು... ಮೆಲ್ಲಗೆ ಸಾರ್! ಮೊಟ್ಟೆ ಮೇಲೆ ಕಾಲಿಟ್ಟ ಹಾಗೆ ಅಂತ ನೀವೇ ಹೇಳಿದ್ರಲ್ಲ ಸಾರ್!"

"ಹೂಂ... ಹೇಳಿದ್ದೆ" ಎಂದ ನಕ್ಷೆಗಾರ. ಬೆವರು ಕನ್ನಡಕದೊಳಗೆ ಇಳಿಯುತ್ತಿತ್ತು.

ಕಾರು ಬಸುರಿ ಆಮೆಯಂತೆ ಏರತೊಡಗಿತು. ಹಿಂದೆ ಬಸ್ಸು, ಅದರ ಹಿಂದೆ ಇಡೀ ಘಾಟಿಯ ವಾಹನಗಳು ಮೆರವಣಿಗೆ ಹೊರಟವು. ಅಕ್ಕಪಕ್ಕ ಏನೇನು ಬಂದು ಹೋಯಿತೋ, ನಕ್ಷೆಗಾರ ಕಾಣಲಿಲ್ಲ. ಮೂರು ತಿರುವಿನುದ್ದಕ್ಕೂ ಅವನು ಕಂಡದ್ದು ಮೂರು ಅಡಿ ಟಾರು. ಹಿಂದಿನ ಸೀಟಿನಿಂದ ಆಗಾಗ "ಆಹಾ" ಎಂಬ ನಿಟ್ಟುಸಿರು ಕೇಳುತ್ತಿತ್ತು. ಪೊಲೀಸಿಗೂ ಬೆಟ್ಟದ ಹುಚ್ಚೇನೋ ಎಂದುಕೊಂಡ.

ನೆತ್ತಿ ತಲುಪಿ ಕಾರು ನಿಂತಾಗ ನಕ್ಷೆಗಾರ ಬಾಗಿಲು ತೆರೆದು ಇಳಿದು, ನೆಲಕ್ಕೇ ಕೂತ. ತಲೆ ಎತ್ತಿದ.

ಬೆಟ್ಟಗಳು. ನೀಲಿಯ ಹಿಂದೆ ನೀಲಿ, ಅದರ ಹಿಂದೆ ಇನ್ನೂ ತಿಳಿಯಾದ ನೀಲಿ, ಕೊನೆಗೆ ಆಕಾಶ ಯಾವುದು ಬೆಟ್ಟ ಯಾವುದು ಎಂದು ಗೆರೆ ಎಳೆಯಲು ಬಾರದಷ್ಟು ದೂರ. ಸದ್ದೇ ಇಲ್ಲ. ನಡುವೆ ಒಂದು ಶಿಖರ, ಹೆಗಲ ಮೇಲಿನ ಮೋಡವನ್ನೂ ಲೆಕ್ಕಿಸದೆ ಎದ್ದು ನಿಂತಿತ್ತು. ಎಡಕ್ಕೆ ವಾಲಿದ ಅದರ ಭುಜ ನೋಡಿದೊಡನೆ ನಕ್ಷೆಗಾರನಿಗೆ ಗುರುತು ಹತ್ತಿತು. ಅದನ್ನು ಅವನೇ ಬರೆದಿದ್ದ. ಒಂದು ಬುಧವಾರ, ಊಟದ ಗಂಟೆ ಹೊಡೆಯುವುದರೊಳಗೆ ಮುಗಿಯಲೆಂದು ಅವಸರದಲ್ಲಿ, ಹನ್ನೊಂದು ಗೆರೆಗಳಲ್ಲಿ.

"ತಪ್ಪಾಯ್ತು" ಎಂದ, ಬೆಟ್ಟಕ್ಕೆ ಮಾತ್ರ ಕೇಳುವಷ್ಟು ಮೆಲ್ಲಗೆ. ಅವನಿಗೆ ಅಲ್ಲೇ ಎರಡು ದಿನವೂ ಕೂತಿರಬೇಕೆನಿಸಿತು.

"ಮೇಷ್ಟ್ರೇ" ಎಂದು ಯಾರೋ ಹೆಗಲು ಮುಟ್ಟಿದರು. ಪೊಲೀಸು. ಮೀಸೆ ಕೈ ಇಳಿಸಿ ಜೋತುಬಿದ್ದಿತ್ತು. "ಇಂಥ ತಾಳ್ಮೆ ನಾನು ಎಲ್ಲೂ ನೋಡಿಲ್ಲ. ಶಿಷ್ಯ ಅಷ್ಟು ಪ್ರಶ್ನೆ ಕೇಳಿದ್ರೂ ಒಂದು ಸಲ ಗದರಲಿಲ್ಲ."

"ಅಯ್ಯೋ, ಅದೇನಿಲ್ಲ..."

"ಒಂದು ಗುಟ್ಟು ಹೇಳ್ತೀನಿ. ಇಪ್ಪತ್ತು ವರ್ಷದಿಂದ ಕಾರು ನಿಲ್ಲಿಸ್ತಾ ಇದೀನಿ. ಓಡಿಸೋಕೆ ಮಾತ್ರ ಬರಲ್ಲ. ಕಲಿಸೋಕೆ ಬಂದವರೆಲ್ಲ ಬೈದು ಓಡಿಹೋದ್ರು. ಮಾವನ ಮನೇಲಿ ಬಾಮೈದಂದಿರು ಬಿದ್ದು ಬಿದ್ದು ನಗ್ತಾರೆ. ನನ್ನ ಪಾಳಿ ಈಗ ಮುಗೀತು. ಮಾವನ ಮನೆ ಘಾಟಿ ಕೆಳಗೇ ಇರೋದು. ಇವತ್ತು ನಾನೇ ಓಡಿಸ್ಕೊಂಡು ಹೋಗಿ ಅವರ ಬಾಗಿಲಲ್ಲಿ ಇಳೀಬೇಕು. ನೀವು ಪಕ್ಕ ಕೂತು ಹೇಳಿಕೊಡಿ."

"ನಮಗೆ ಇಲ್ಲಿ ರೂಮು..."

"ರೂಮು ಎಲ್ಲೂ ಹೋಗಲ್ಲ. ಇವತ್ತು ಇಳಿಯೋದು ಕಲಿಸಿ, ನಾಳೆ ಹತ್ತೋದು."

ನಕ್ಷೆಗಾರ ದಿಕ್ಕೆಟ್ಟು ಗೇರಪ್ಪನ ಕಡೆ ನೋಡಿದ. ನಿಜ ಹೇಳಿದರೆ ಶಾಲೆ ಹೋಗುತ್ತದೆ, ಹೇಳದಿದ್ದರೆ ಜೀವ. ಗೇರಪ್ಪ ಒಂದು ಕ್ಷಣ ಯೋಚಿಸಿದ. ಆಮೇಲೆ ಹಿಂದಿನ ಬಾಗಿಲು ತೆಗೆದು ಒಳಗೆ ತೂರಿಕೊಂಡು, "ನಾನು ಹಿಂದೆ ಕೂತು ನೋಡಿ ಕಲೀತೀನಿ ಸಾರ್" ಎಂದ.

ಪೊಲೀಸು ಸ್ಟೇರಿಂಗ್‌ಗೆ ಕೈಮುಗಿದು ಕೂತ. ಮುಂದೆ ರಸ್ತೆ ಹಾವಿನಂತೆ ಸುತ್ತಿಕೊಂಡು ಪಾತಾಳಕ್ಕಿಳಿದಿತ್ತು. ಅದನ್ನು ನೋಡಿ ಅವನ ಮುಖ ಬಿಳುಚಿತು.

"ಮೇಷ್ಟ್ರೇ, ನಂಗೆ ಇಳಿಜಾರು ಕಂಡ್ರೆ ತಲೆ ಸುತ್ತುತ್ತೆ. ತಿರುವು ಬಂದಾಗ ಸ್ವಲ್ಪ ಕಣ್ಣು ಮುಚ್ಕೊಂಡ್ರೆ ಪರವಾಗಿಲ್ವಾ?"

ಪಕ್ಕದ ಸೀಟಿನಲ್ಲಿದ್ದ ನಕ್ಷೆಗಾರ ಸಹಾಯಕ್ಕೆಂದು ಹಿಂದಕ್ಕೆ ತಿರುಗಿ ನೋಡಿದ. ಗೇರಪ್ಪ ಆಗಲೇ ಕಣ್ಣು ಮುಚ್ಚಿಕೊಂಡಿದ್ದ.